ಎದುರು ಮನೆಯ ಅಕ್ಕ ಹೇಳಿದ ಮಾತು

ಮೊನ್ನೆ ಅನಕಾಪಲ್ಲಿಯಿಂದ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲದಿಂದ ಪುಟ್ಟ ಶೀಶೆ ತೆಗೆದು, ನೀಲಗಿರಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಮಂಡಿಗೆ ತಿಕ್ಕಿಕೊಳ್ಳತೊಡಗಿದಳು. ಕಿಟಕಿ ತೆರೆದೇ ಇತ್ತು. ಆದರೂ ವಾಸನೆ ಹೊರಗೆ ಹೋಗಲಿಲ್ಲ. ನನ್ನ ಸ್ಟಾಪಿಗೆ ಇನ್ನೂ ದೂರವಿತ್ತು, ನಾನು ಎದ್ದು ಇಳಿದುಬಿಟ್ಟೆ. ಉಳಿದ ದಾರಿಯನ್ನು ಬಿಸಿಲಲ್ಲಿ ನಡೆದೇ ಬಂದೆ.

ನಮ್ಮ ಎದುರು ಮನೆಯ ಅಕ್ಕನ ಹತ್ತಿರ ಸದಾ ಆ ವಾಸನೆ ಇರುತ್ತಿತ್ತು. ಬೆಳಗಿನ ಐದು ಗಂಟೆಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಅದಕ್ಕೆ ನಾಲ್ಕು ಹನಿ ನೀಲಗಿರಿ ಬೆರೆಸಿ, ಎರಡೂ ಮಂಡಿಗಳಿಗೆ ಹಚ್ಚಿಕೊಂಡ ಮೇಲೆಯೇ ಅವಳು ಸೈಕಲ್ಲನ್ನು ಮೆಟ್ಟಿಲಿಂದ ಇಳಿಸುತ್ತಿದ್ದಳು. ನಾನು ಬಾಗಿಲು ತೆರೆಯುವ ಹೊತ್ತಿಗೆ ಮೆಟ್ಟಿಲ ತುಂಬ ಅದೇ ಘಾಟು.

ನಾನು ಮಂಡ್ಯದ ಕಡೆಯವಳು. ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಬಂದಾಗ ನನಗೆ ಇಪ್ಪತ್ತೆಂಟು. ಟೌನ್‌ಶಿಪ್ಪಿನ ಎರಡನೇ ಮಹಡಿಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದೆ. ಬಂದ ವಾರವೇ ಒಂದು ಸಂಜೆ ಬಾಲ್ಕನಿಯಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಫೋನ್ ಇಡುವ ಮುಂಚೆಯೇ ಯಾರೋ ಬಾಗಿಲು ತಟ್ಟಿದರು. ನರ್ಸಿನ ಬಿಳಿ ಸೀರೆ ಉಟ್ಟ, ಗಟ್ಟಿ ಮೈಕಟ್ಟಿನ ಹೆಂಗಸು ನಿಂತಿದ್ದಳು.

"ಕನ್ನಡದಾಕಿ ಏನ ನೀ?" ಎಂದಳು.

ನಾನು "ಹೌದು, ನೀವು..." ಎನ್ನುವಷ್ಟರಲ್ಲಿ ಒಳಗೆ ಬಂದು ಕುರ್ಚಿಯಲ್ಲಿ ಕೂತಿದ್ದಳು. ನೀವು ಗೀವು ಅನಬ್ಯಾಡ ಅಂದಳು. ಅವಳನ್ನು ಕನ್ನಡದಲ್ಲಿ ನೀ ಅನ್ನುವವರೇ ಈ ಊರಲ್ಲಿ ಯಾರೂ ಇಲ್ಲವಂತೆ. ಆವತ್ತಿನಿಂದ ಅವಳು ನನಗೆ ಅಕ್ಕ.

ಅಕ್ಕ ಧಾರವಾಡದವಳು. ನರ್ಸಿಂಗ್ ಮುಗಿಸಿ ಟೌನ್‌ಶಿಪ್ಪಿನ ಡಿಸ್ಪೆನ್ಸರಿಗೆ ಕೆಲಸಕ್ಕೆ ಬಂದವಳು, ತಾಯಿಯನ್ನು ತೋರಿಸಲು ಬರುತ್ತಿದ್ದ ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಯೊಬ್ಬರ ಮಗನನ್ನು ಮೆಚ್ಚಿ ಮದುವೆಯಾಗಿದ್ದಳು. ತವರಿನವರು ಒಪ್ಪಲಿಲ್ಲ. ಅವಳೂ ಹೋಗಲಿಲ್ಲ. ಗಂಡ ಮೆದು ಮಾತಿನವರು, ಅವರನ್ನು ನಾನು ಈ ಊರಿನ ರೂಢಿಯಂತೆ ಬಾವಗಾರು ಎಂದೇ ಕರೆಯುತ್ತಿದ್ದೆ. ಒಬ್ಬಳೇ ಮಗಳು. ಆ ಹುಡುಗಿಗೆ ಬಾ, ಉಣ್ಣು, ಮಲಕೋ ಎನ್ನುವಷ್ಟು ಬಿಟ್ಟರೆ ಕನ್ನಡ ಬರುತ್ತಿರಲಿಲ್ಲ. ಮಗು ಚಿಕ್ಕದಿದ್ದಾಗ ಅತ್ತೆಯ ಮನೆಯಲ್ಲಿ ಕನ್ನಡ ಮಾತಾಡಿದರೆ ತಮ್ಮ ಮೇಲೆ ಏನೋ ಚಾಡಿ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರಂತೆ. ಅದಕ್ಕೇ ಬಿಟ್ಟೆ ಎಂದಿದ್ದಳು ಅಕ್ಕ. ಬಿಟ್ಟಿದ್ದರ ಬಗ್ಗೆ ಅವಳಿಗೆ ಬೇಸರವಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಮಗಳು ನನ್ನನ್ನು ಪಿನ್ನಿ ಅನ್ನುತ್ತಿದ್ದಳು, ಚಿಕ್ಕಮ್ಮ ಅಂತ.

ಸೈಕಲ್ಲಿನ ಹುಚ್ಚು ಮೊದಲು ನನ್ನದು. ಇಲ್ಲಿಗೆ ಬಂದ ಎರಡನೇ ವರ್ಷ ಒಂದು ರೇಸ್ ಸೈಕಲ್ ಕೊಂಡು, ಟೌನ್‌ಶಿಪ್ಪಿನ ಹೊರವರ್ತುಲದ ರಸ್ತೆಯಲ್ಲಿ ಬೆಳಗ್ಗೆ ಒಬ್ಬಳೇ ಸುತ್ತು ಹಾಕುತ್ತಿದ್ದೆ. ಅಕ್ಕನಿಗೆ ಮಂಡಿನೋವು ಶುರುವಾಗಿ, ಓಡಾಡುವುದಕ್ಕಿಂತ ಸೈಕಲ್ ತುಳಿಯುವುದು ಒಳ್ಳೆಯದು ಎಂದು ಅವಳ ಡಿಸ್ಪೆನ್ಸರಿಯ ಡಾಕ್ಟರೇ ಹೇಳಿದರು. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಇಳಿಜಾರಿನ ರಸ್ತೆಗಳಲ್ಲಿ ಬ್ರೇಕ್ ಹಿಡಿಯದೆ ಬರುತ್ತಿದ್ದೆ ಎಂದು ಹೇಳಿಕೊಂಡಳು. ನಾನೇ ಅವಳಿಗೆ ಹಳೆಯದೊಂದು ರೇಸ್ ಸೈಕಲ್ ಹುಡುಕಿ ಕೊಡಿಸಿದೆ. ಬಾಗಿ ಕೂರುವುದು, ಗೇರ್ ಬದಲಿಸುವುದು, ಮುಂದಿನವರ ಹಿಂದಿನ ಚಕ್ರಕ್ಕೆ ಒಂದು ಮೊಳ ಬಿಟ್ಟು ಗಾಳಿ ತಪ್ಪಿಸಿಕೊಂಡು ತುಳಿಯುವುದು, ಎಲ್ಲ ನಾನೇ ಕಲಿಸಿದೆ. ಭಾನುವಾರಗಳಲ್ಲಿ ನಗರ ದಾಟಿ ಋಷಿಕೊಂಡದ ಕಡಲತೀರದ ತನಕ ಹೋಗಿ ಬರುತ್ತಿದ್ದೆವು. ಸಮುದ್ರದ ಗಾಳಿ ಎದುರಾದಾಗ ಅವಳು ಮುಂದೆ ಹೋಗಿ ನನಗೆ ಮರೆಯಾಗುತ್ತಿದ್ದಳು. ಆ ಗಟ್ಟಿ ಬೆನ್ನಿನ ಹಿಂದೆ ಗಾಳಿಯೇ ಇರುತ್ತಿರಲಿಲ್ಲ... ದಾರಿಯುದ್ದಕ್ಕೂ ಕನ್ನಡ ಮಾತಾಡುತ್ತಿದ್ದಳು. ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನೆಲ್ಲ ಒಂದೇ ಸಮನೆ.

ನಾನು ಊರಿನ ಒಂದೆರಡು ರೇಸುಗಳಲ್ಲಿ ಓಡಿದ್ದೆ. ಎರಡು ಸಲವೂ ನಾಲ್ಕನೇ ಸ್ಥಾನ. ಮೂರು ಜನ ವೇದಿಕೆ ಹತ್ತುವುದನ್ನು ಕೆಳಗೆ ನಿಂತು ನೋಡಿ ಚಪ್ಪಾಳೆ ತಟ್ಟಿ ಬರುವುದು ನನ್ನ ಪಾಲಿಗೆ ಬಂದಿತ್ತು. ಅದು ಎಷ್ಟು ಚುಚ್ಚುತ್ತಿತ್ತು ಎಂದು ಈಗ ಹೇಳಿದರೆ ನಗೆಪಾಟಲು. ಆದರೆ ಚುಚ್ಚುತ್ತಿತ್ತು.

ವಿಜಯವಾಡದಲ್ಲಿ ಒಂದು ಕ್ರೈಟೀರಿಯಂ ರೇಸ್ ಇದೆ ಎಂದು ಗೊತ್ತಾದಾಗ ನಾನು ಹೆಸರು ಕೊಟ್ಟೆ. ಅದು ಊರಿಂದ ಊರಿಗೆ ಹೋಗುವ ರೇಸಲ್ಲ. ಒಂದು ಕಿಲೋಮೀಟರ್ ಚಿಲ್ಲರೆಯ ಪುಟ್ಟ ವರ್ತುಲವನ್ನು ವಾಹನಗಳಿಗೆ ಮುಚ್ಚಿ, ಅದರಲ್ಲೇ ಸುತ್ತು ಸುತ್ತು ಓಡಿಸುತ್ತಾರೆ. ತಿರುವುಗಳು ಬಿಗಿ, ಎಲ್ಲರೂ ಒತ್ತೊತ್ತಾಗಿ ಹೋಗುತ್ತಾರೆ. ಮುಂದಿನವರು ಒಂದು ಸುತ್ತು ಹೆಚ್ಚಾಗಿ ಬಂದು ಹಿಂದಿನವರನ್ನು ಮುಟ್ಟಿದರೆ, ಶೀಟಿ ಊದಿ ಹಿಂದಿನವರನ್ನು ಹೊರಗೆ ಕಳಿಸುತ್ತಾರೆ. ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ಇದನ್ನೆಲ್ಲ ಅಕ್ಕನಿಗೆ ವಿವರಿಸುತ್ತಿದ್ದಾಗ ಅವಳು ತನ್ನ ಹೆಸರನ್ನೂ ಕೊಡು ಎಂದಳು. ಆಗ ಅವಳಿಗೆ ನಲವತ್ತನಾಲ್ಕು.

ಹುಡುಗಾಟವೋ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.

"ಗೆಲ್ಲಾಕಂತ ಅಲ್ಲ. ಬೆನ್ನಿಗೆ ನಂಬರ್ ಚುಚ್ಚಿಕೊಂಡು ಒಮ್ಮೆ ಓಡಬೇಕು. ಶೀಟಿ ಊದಿ ಹೊರಗ ಹಾಕಬಾರದು, ಅಷ್ಟ ಸಾಕು ನನಗ."

ಎರಡು ತಿಂಗಳು ತಯಾರಿ ನಡೆಸಿದೆವು. ಮಗಳಿಗೆ ಆಗ ಹದಿನೇಳು, ಇಂಟರ್, ಅಂದರೆ ನಮ್ಮ ಪಿಯುಸಿ, ಎರಡನೇ ವರ್ಷ. ಅಮ್ಮನ ಬಿಗಿ ಉಡುಪು ನೋಡಿ ಅವಳಿಗೆ ನಾಚಿಕೆ, ಕಾಲೇಜಿನ ಗೆಳತಿಯರು ನೋಡಿದರೆ ಏನಂದಾರು ಎಂದು. ಬಾವಗಾರು ಮಾತ್ರ ರೇಸಿನ ಹಿಂದಿನ ದಿನ ಸ್ಟೇಷನ್ನಿನ ತನಕ ಬಂದು, ಎರಡು ಸೈಕಲ್ಲುಗಳನ್ನೂ ರೈಲಿಗೆ ಹತ್ತಿಸಿ, ಅರ್ಧ ಕಿಲೋ ಬೆಲ್ಲದ ಪೊಟ್ಟಣ ಕೈಗಿಟ್ಟು, ಓಡುವ ಮುಂಚೆ ಒಂದು ತುಂಡು ಬಾಯಿಗೆ ಹಾಕಿಕೊಳ್ಳಿ ಎಂದು ನಮ್ಮಿಬ್ಬರಿಗೂ ಹೇಳಿದರು.

ವಿಜಯವಾಡದ ಅಂಚಿನಲ್ಲಿ, ಕೊಂಡಪಲ್ಲಿಯ ಕಡೆಗೆ ಹೋಗುವ ದಿಕ್ಕಿನಲ್ಲಿ, ಒಂದು ಹೊಸ ಬಡಾವಣೆ. ರಸ್ತೆಗಳು, ಕಪ್ಪು ಹಳದಿ ಬಣ್ಣದ ಅಂಚುಗಲ್ಲುಗಳು, ದೀಪದ ಕಂಬಗಳು ಎಲ್ಲ ಆಗಿದ್ದವು. ಮನೆಗಳು ಮಾತ್ರ ಒಂದೂ ಇರಲಿಲ್ಲ. ದೂರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು ಹೊಗೆಯಾಡುತ್ತಿದ್ದವು. ಬೆಳಗ್ಗೆ ಆರಕ್ಕೆ ಹೆಂಗಸರ ರೇಸ್ ಶುರು. ಹನ್ನೊಂದು ಜನ, ಹನ್ನೆರಡು ಸುತ್ತು, ತಿರುವುಗಳೆಲ್ಲ ಎಡಕ್ಕೆ. ಅಕ್ಕನ ಬೆನ್ನಿಗೆ ನಂಬರಿನ ಬಟ್ಟೆಯನ್ನು ನಾನೇ ಪಿನ್ನು ಚುಚ್ಚಿ ಕೂರಿಸಿದೆ.

ಮೊದಲ ಮೂರು ಸುತ್ತಿನಲ್ಲೇ ಗುಂಪು ಒಡೆಯಿತು. ಹೈದರಾಬಾದಿನಿಂದ ಬಂದಿದ್ದ ಇಬ್ಬರು ಹುಡುಗಿಯರು ಮುಂದೆ ಹೋಗಿಯೇಬಿಟ್ಟರು. ಅವರನ್ನು ಹಿಡಿಯುವ ಮಾತೇ ಇರಲಿಲ್ಲ. ಅವರ ಹಿಂದೆ ನಾನು, ಗುಂಟೂರಿನ ಒಬ್ಬಳು, ಅಕ್ಕ. ಅಕ್ಕ ನಮ್ಮೊಟ್ಟಿಗೆ ಇದ್ದಾಳೆಂದು ನನಗೆ ಆರನೇ ಸುತ್ತಿನಲ್ಲಿ ಹಿಂದಿನ ಉಸಿರು ಕೇಳಿ ಗೊತ್ತಾಯಿತು. ಸಂತೋಷವೇ ಆಯಿತು. ಸುಳ್ಳಲ್ಲ. ಎಂಟನೇ ಸುತ್ತಿನಲ್ಲಿ ಶೀಟಿ ಮೊಳಗಿ ಹಿಂದಿನ ಆರೂ ಜನರನ್ನು ಹೊರಗೆ ಹಾಕಿದರು. ಒಂಬತ್ತರಲ್ಲಿ ಗುಂಟೂರಿನವಳು ಸೋತು ಹಿಂದುಳಿದಳು. ಉಳಿದದ್ದು ನಾವಿಬ್ಬರೇ, ಮೂರನೇ ಸ್ಥಾನಕ್ಕೆ.

ಹನ್ನೊಂದನೇ ಸುತ್ತಿನ ಉದ್ದದ ನೇರ ರಸ್ತೆಯಲ್ಲಿ ಎದುರುಗಾಳಿ. ಅಕ್ಕ ಎಂದಿನಂತೆ ಮುಂದೆ ಬಂದಳು. ನನಗೆ ಮರೆಯಾಗಲೆಂದೇ ಬಂದಳೋ, ಅಥವಾ ಅವಳಿಗೂ ಗೆಲ್ಲಬೇಕೆನ್ನಿಸಿತೋ ಗೊತ್ತಿಲ್ಲ. ಆದರೆ ಗಂಟೆ ಬಾರಿಸಿದ ಮೇಲೂ ಅವಳು ಪಕ್ಕಕ್ಕೆ ಸರಿಯಲಿಲ್ಲ. ಅವಳ ಕಾಲುಗಳು ದಣಿದೇ ಇರಲಿಲ್ಲ. ನನ್ನವು ಉರಿಯುತ್ತಿದ್ದವು. ಮೂರನೆಯವಳು ಅಕ್ಕ, ನಾಲ್ಕನೆಯವಳು ನಾನು ಎಂದು ಆ ಕ್ಷಣ ಸ್ಪಷ್ಟವಾಗಿ ಕಂಡಿತು. ರೇಸ್ ಸೈಕಲ್ ತುಳಿಯಲು ನಾನೇ ಕಲಿಸಿದವಳು, ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಂದವಳು... ನನ್ನ ಹೊಟ್ಟೆಯಲ್ಲಿ ಎದ್ದ ಕಿಚ್ಚಿಗೆ ನಾನೇ ಹೆದರಿದೆ, ಆದರೆ ತಡೆಯಲಿಲ್ಲ.

ಕೊನೆಯ ಎಡ ತಿರುವಿನಲ್ಲಿ ಅಕ್ಕ ತನ್ನ ಗೆರೆ ಹಿಡಿದು ಹೋಗುತ್ತಿದ್ದಳು. ಅವಳಿಗೂ ಒಳಗಿನ ಅಂಚುಗಲ್ಲಿಗೂ ನಡುವೆ ಇದ್ದ ಜಾಗ ಒಂದು ಸೈಕಲ್ಲಿಗೆ ಸಾಲುವಂತಿರಲಿಲ್ಲ. ನಾನು ಅಲ್ಲಿಗೇ ನುಗ್ಗಿದೆ. ನುಗ್ಗಿದವಳಿಗೆ ಆ ವೇಗದಲ್ಲಿ ತಿರುಗಲಾಗದೆ ಹೊರಗೆ ಸರಿದೆ, ಅವಳ ಗೆರೆಯ ಮೇಲೆಯೇ. ನನ್ನ ಹಿಂದಿನ ಚಕ್ರಕ್ಕೆ ಏನೋ ತಾಗಿದ್ದು ಸೀಟಿನ ತನಕ ತಿಳಿಯಿತು. ಆಮೇಲೆ ಹಿಂದೆ ರಸ್ತೆಗೆ ಲೋಹ ಉಜ್ಜಿದ ಸದ್ದು. ನಾನು ತಿರುಗಿ ನೋಡಲಿಲ್ಲ. ಮುಂದೆ ಇನ್ನೂರು ಮೀಟರ್ ಇತ್ತು. ತುಳಿದೆ. ಮೂರನೆಯವಳಾಗಿ ಮುಕ್ತಾಯದ ಗೆರೆ ದಾಟಿದೆ.

ಆ ಇನ್ನೂರು ಮೀಟರನ್ನು ಎಷ್ಟು ಸಲ ಮತ್ತೆ ತುಳಿದಿದ್ದೇನೋ ಲೆಕ್ಕವಿಲ್ಲ.

ನಾನು ತಿರುಗಿ ಬರುವಷ್ಟರಲ್ಲಿ ಅಕ್ಕ ಎದ್ದು ನಿಂತಿದ್ದಳು. ಚೈನು ಕಳಚಿ ಹೋಗಿತ್ತು. ಎಡ ಮೊಣಕೈ, ಎಡ ಭುಜ ಕೆತ್ತಿಹೋಗಿ ರಕ್ತ. ಸಹಾಯಕ್ಕೆ ಬಂದವರನ್ನು ಪಕ್ಕಕ್ಕೆ ಸರಿಸಿ, ಸೈಕಲ್ಲನ್ನು ತಳ್ಳಿಕೊಂಡು ನಡೆದೇ ಗೆರೆ ದಾಟಿದಳು. ಜನ ಚಪ್ಪಾಳೆ ತಟ್ಟಿದರು. ಗುಂಟೂರಿನವಳು ಅವಳನ್ನು ದಾಟಿ ನಾಲ್ಕನೆಯವಳಾಗಿದ್ದಳು, ಅಕ್ಕ ಐದನೆಯವಳು. ನನ್ನ ಹತ್ತಿರ ಬಂದು ಅವಳು ಹೇಳಿದ್ದು ಒಂದೇ ಮಾತು.

"ನನಗ ಶೀಟಿ ಊದಲಿಲ್ಲ ನೋಡು."

ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಒಬ್ಬ ತರುಣ ಗಾಯ ತೊಳೆಯುತ್ತ, ತಲೆಗೆ ಪೆಟ್ಟಾಯಿತೇ ಎಂದು ತೆಲುಗಿನಲ್ಲಿ ಕೇಳಿದ. ಇಲ್ಲ, ಭುಜ ಅಷ್ಟೇ, ನಾನೂ ನರ್ಸೇ ಎಂದಳು ಅಕ್ಕ. ರೇಸಿನ ಮೇಲ್ವಿಚಾರಕರು ಬಂದು ಹೇಗೆ ಬಿದ್ದಿರಿ, ಯಾರ ಮೇಲಾದರೂ ದೂರು ಇದೆಯೇ ಎಂದು ವಿಚಾರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ತಿರುವಿನಲ್ಲಿ ಮರಳಿತ್ತು, ಜಾರಿದೆ ಎಂದಳು. ಆ ತಿರುವಿನಲ್ಲಿ ಮರಳಿರಲಿಲ್ಲ. ಬೆಳಗ್ಗೆ ಕಸಪೊರಕೆ ಹಿಡಿದು ಗುಡಿಸುತ್ತಿದ್ದವರನ್ನು ನಾವಿಬ್ಬರೂ ನೋಡಿದ್ದೆವು.

ಸಾಮಾನು ಕಟ್ಟುವಾಗ ಅವಳ ಹೆಲ್ಮೆಟ್ಟನ್ನು ಕೈಗೆತ್ತಿಕೊಂಡೆ. ಎಡಬದಿಯಲ್ಲಿ ಒಳಗಿನ ತನಕ ಸೀಳಿತ್ತು. ಅದನ್ನು ಆ ತರುಣನಿಗೆ ತೋರಿಸಬೇಕಿತ್ತು. ತೋರಿಸಿದ್ದರೆ ಅವರು ಆಸ್ಪತ್ರೆಗೆ ಕಳಿಸುತ್ತಿದ್ದರು, ಬಿದ್ದದ್ದು ಹೇಗೆಂದು ಮತ್ತೆ ಕೇಳುತ್ತಿದ್ದರು. ಇನ್ನು ಕಾಲು ಗಂಟೆಯಲ್ಲಿ ಪದಕ ಕೊಡುವುದಿತ್ತು. ನಾನು ಹೆಲ್ಮೆಟ್ಟನ್ನು ಚೀಲದ ಅಡಿಗೆ ಹಾಕಿ ಮೇಲೆ ಟವೆಲ್ ಮುಚ್ಚಿದೆ. ವೇದಿಕೆ ಹತ್ತಿದಾಗ ಅಕ್ಕ ಕೆಳಗೆ ನಿಂತು, ಒಂದೇ ಕೈ ಆಡುತ್ತಿದ್ದುದರಿಂದ, ತೊಡೆಗೆ ತಟ್ಟಿ ಚಪ್ಪಾಳೆ ಹೊಡೆದಳು.

ಹತ್ತು ಗಂಟೆಯ ರೈಲು. ಹತ್ತಿದ ಮೇಲೆ ಇಡ್ಲಿ ಬೇಡ ಎಂದಳು. ಕಿಟಕಿಗೆ ತಲೆ ಆನಿಸಿ ಸುಮ್ಮನೆ ಕೂತಳು. ಅಷ್ಟು ಹೊತ್ತು ಅವಳು ಮಾತಿಲ್ಲದೆ ಇದ್ದದ್ದನ್ನು ನಾನು ನೋಡಿರಲಿಲ್ಲ. ಸಿಟ್ಟಿರಬೇಕು ಎಂದುಕೊಂಡೆ, ಹಾಗಾಗಿ ನಾನೂ ಮಾತಾಡಿಸಲಿಲ್ಲ. ಗೋದಾವರಿಯ ಸೇತುವೆ ಮೇಲೆ ಎದ್ದು ಹೋಗಿ ವಾಂತಿ ಮಾಡಿ ಬಂದಳು. ಬಿಸಿಲಿಗೆ ಎಂದಳು. ಒಂದಿಷ್ಟು ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ, "ನಿನಗ ಒಂದ ಮಾತ ಕೇಳೋದೈತಿ. ಈಗ ಬ್ಯಾಡ, ತಲಿ ಭಾಳ ನೋಯಾಕತ್ತೈತಿ," ಎಂದಳು.

ನನಗೆ ಬಂದದ್ದು ನಿರಾಳ. ಅದನ್ನೂ ಬರೆಯಬೇಕು. ಅವಳು ಈಗಲೇ ಕೇಳುವುದಿಲ್ಲ ಎಂಬ ನಿರಾಳ.

ಅವಳು ನಿದ್ದೆ ಹೋದಳು ಎಂದುಕೊಂಡೆ. ಅನಕಾಪಲ್ಲಿ ಹತ್ತಿರ ಬಂದಾಗ ನಿಮ್ಮೂರು ಬಂತು ಅಕ್ಕ ಎಂದು ಭುಜ ಅಲುಗಿಸಿದೆ. ಏಳಲಿಲ್ಲ. ಬಾಯಿಯ ಬಲಬದಿ ಜೋತುಬಿದ್ದಿತ್ತು. ಕೂಗಿದೆ, ಎದುರಿನವರು ನೀರು ಚಿಮುಕಿಸಿದರು, ಯಾರೋ ಟಿಕೆಟ್ ಪರೀಕ್ಷಕರನ್ನು ಕರೆತಂದರು. ನಾನು ಬಾವಗಾರುಗೆ ಫೋನ್ ಮಾಡಿದೆ. ಅವರ ಅಣ್ಣ ತಮ್ಮಂದಿರು ಅನಕಾಪಲ್ಲಿ ಸ್ಟೇಷನ್ನಿಗೆ ಕಾರು ತಂದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಮಾರುಕಟ್ಟೆಯಿಂದ ಹಾಗೇ ಬಂದವರ ಅಂಗಿ ತುಂಬ ಬೆಲ್ಲದ ಅಂಟು. ನಾಲ್ವರು ಸೇರಿ ಅವಳನ್ನು ಎತ್ತಿಕೊಂಡು ಓಡಿದರು.

ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ತಲೆಯ ಎಡಭಾಗ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಇನ್ನೊಂದೆರಡು ಗಂಟೆ ಮುಂಚೆ ಬಂದಿದ್ದರೆ ಎಂದು ಡಾಕ್ಟರು ಮಾತು ಶುರು ಮಾಡಿ ಬಾವಗಾರು ಅವರ ಮುಖ ನೋಡಿ ನಿಲ್ಲಿಸಿದರು. ಹೆಲ್ಮೆಟ್ ಇನ್ನೂ ನನ್ನ ಚೀಲದಲ್ಲೇ ಇತ್ತು.

ಒಂಬತ್ತು ದಿನಕ್ಕೆ ಕಣ್ಣು ತೆರೆದಳು. ಬಲಗೈ, ಬಲಗಾಲು ಎತ್ತಲಾಗುತ್ತಿರಲಿಲ್ಲ. ಮೂರು ವಾರಕ್ಕೆ ಬಾಯಿಂದ ಮಾತು ಬಂತು. ಆವತ್ತು ಮಗಳು ನನಗೆ ಲ್ಯಾಬಿಗೇ ಫೋನ್ ಮಾಡಿದಳು. ಅಮ್ಮ ಮಾತಾಡುತ್ತಿದ್ದಾಳೆ, ಆದರೆ ಏನೆಂದು ನಮಗೆ ತಿಳಿಯುತ್ತಿಲ್ಲ, ಬೇಗ ಬಾ ಪಿನ್ನಿ ಎಂದಳು. ಹೋದೆ. ಹಾಸಿಗೆಯ ಸುತ್ತ ಬಾವಗಾರು, ಮಗಳು, ಇಬ್ಬರು ನರ್ಸುಗಳು ನಿಂತಿದ್ದರು. ಅಕ್ಕ ತೊದಲುತ್ತ ಮತ್ತೆ ಮತ್ತೆ ಒಂದೇ ಪದ ಹೇಳುತ್ತಿದ್ದಳು, ಯಾರಿಗೂ ಅರ್ಥವಾಗುತ್ತಿಲ್ಲವೆಂದು ಅಳುತ್ತಿದ್ದಳು.

"ಥಂಡಿ" ಎನ್ನುತ್ತಿದ್ದಳು. ಚಳಿಯಾಗುತ್ತಿದೆ ಎಂದು. ಹೊದಿಕೆ ಹೊದಿಸಿದೆ.

ತೆಲುಗು ಹೋಗಿಬಿಟ್ಟಿತ್ತು. ಇಪ್ಪತ್ತು ವರ್ಷ ರೋಗಿಗಳೊಂದಿಗೆ, ಗಂಡನೊಂದಿಗೆ, ಮಗಳೊಂದಿಗೆ ಆಡಿದ ಭಾಷೆ, ಒಂದು ಪದವೂ ಉಳಿಯದೆ. ಕೆಲವರಿಗೆ ಹೀಗೆ ಆಗುತ್ತದೆ, ಚಿಕ್ಕಂದಿನಲ್ಲಿ ಕಲಿತದ್ದು ಮಾತ್ರ ಉಳಿಯಬಹುದು ಎಂದು ಡಾಕ್ಟರು ಹೇಳಿದರು. ಉಳಿದಿದ್ದ ಕನ್ನಡವೂ ಪೂರ್ತಿಯಾಗಿರಲಿಲ್ಲ, ಎರಡು ಮೂರು ಪದಗಳ ತುಣುಕು. ಮಗಳು ಮಾತಾಡಿದರೆ ಅಕ್ಕ ಅವಳ ಬಾಯನ್ನೇ ನೋಡುತ್ತ ಹುಬ್ಬು ಗಂಟಿಕ್ಕುತ್ತಿದ್ದಳು. ಹೆತ್ತ ಮಗಳ ಮಾತು ಅವಳಿಗೆ ಬರೀ ಸದ್ದಾಗಿತ್ತು.

ಹೀಗಾಗಿ ಆ ಮನೆಗೆ ನಾನು ಬೇಕಾದೆ. ದಿನವೂ ಕೆಲಸ ಮುಗಿಸಿ ಬಂದವಳು ನೇರ ಎದುರು ಮನೆಗೆ ಹೋಗುತ್ತಿದ್ದೆ. ಬಾವಗಾರು ಹಗಲೆಲ್ಲ ಗುರುತಿಟ್ಟುಕೊಂಡ ಪ್ರಶ್ನೆಗಳನ್ನು ಕೇಳುತ್ತಿದ್ದರು. ಎಲ್ಲಿ ನೋಯುತ್ತದೆ ಕೇಳಮ್ಮಾ, ಏನು ತಿನ್ನುತ್ತಾಳೆ ಕೇಳಮ್ಮಾ. ನೀನಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಕೈಮುಗಿದು ನಿಂತ ದಿನ ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತೆ. ಬಾಗಿಲು ತೆರೆದು ಹೋಗಿ ಹೇಳಿಬಿಡಬಹುದಿತ್ತು. ಐದೇ ಹೆಜ್ಜೆ ದೂರ. ಹೋಗಲಿಲ್ಲ.

ಮೂರನೇ ತಿಂಗಳೋ ನಾಲ್ಕನೇ ತಿಂಗಳೋ... ಒಂದು ಸಂಜೆ ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ನಾನು ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದೆ. ಮಗಳು ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಆ ದಿನಗಳಲ್ಲಿ ಅವಳು ಒಳಗೆ ಬರುತ್ತಿರಲಿಲ್ಲ, ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಿದ್ದಳು. ಅಮ್ಮನಿಗೆ ತಾನು ಯಾರೋ ಆಗಿಬಿಟ್ಟೆ ಎಂಬ ಭಯ ಇತ್ತೆಂದು ಕಾಣುತ್ತದೆ. ಅಕ್ಕ ಚಮಚವನ್ನು ಎಡಗೈಯಿಂದ ದೂರ ತಳ್ಳಿದಳು, ಗಂಜಿ ಚೆಲ್ಲಿತು. ನನ್ನ ಮುಖ ನೋಡಿದಳು. ಪದಗಳನ್ನು ಒಂದೊಂದಾಗಿ ಹೆಕ್ಕಿಕೊಂಡಂತೆ ಹೇಳಿದಳು.

"ನೀ... ಒಳಗ... ಬಂದಿ."

ಅಕ್ಕ ಕಣ್ಣು ಕೀಳಲಿಲ್ಲ. ಇನ್ನೊಮ್ಮೆ ಹೇಳಿದಳು. ಅವಳು ಆ ತಿರುವಿನಲ್ಲೇ ಇದ್ದಳು. ರೈಲಿನಲ್ಲಿ ಕೇಳಬೇಕೆಂದಿದ್ದ ಮಾತು ಇದೇ ಎಂದು ನನಗೆ ಗೊತ್ತಾಯಿತು.

"ಪಿನ್ನೀ, ಅಮ್ಮ ಏಮಂಟೋಂದಿ?" ಎಂದಳು ಮಗಳು ಬಾಗಿಲಿಂದ. ಅಮ್ಮ ಏನೆನ್ನುತ್ತಿದ್ದಾಳೆ?

ನಾನು ತಿರುಗಿ ನೋಡಿದೆ. ಹೊಸ್ತಿಲಾಚೆ ನಿಂತಿದ್ದ ಆ ಹುಡುಗಿಯನ್ನು ನೋಡಿದ ಕೂಡಲೇ ಸುಳ್ಳು ತಾನಾಗಿ ಬಾಯಿಗೆ ಬಂತು. ಯೋಚಿಸಲೂ ಇಲ್ಲ.

"ಲೋಪಲಿಕಿ ರಮ್ಮಂಟೋಂದಿ," ಎಂದೆ. ಒಳಗೆ ಬಾ ಅನ್ನುತ್ತಿದ್ದಾಳೆ.

ಮಗಳ ಮುಖ ಬದಲಾದದ್ದನ್ನು ಹೇಗೆ ಬರೆಯಲಿ. ಒಳಗೆ ಬಂದಳು. ಹಾಸಿಗೆಯ ಅಂಚಿಗೆ ಕೂತು ಅಮ್ಮನ ಎಡಗೈ ಹಿಡಿದುಕೊಂಡಳು. ಅಕ್ಕ ಅವಳನ್ನು ನೋಡಿ, ನನ್ನನ್ನು ನೋಡಿ, ಏನೋ ತಪ್ಪಿಹೋಯಿತು ಎನ್ನುವಂತೆ ದಿಂಬಿಗೆ ತಲೆ ಒರಗಿಸಿದಳು. ನಾನು ಚೆಲ್ಲಿದ ಗಂಜಿ ಒರೆಸತೊಡಗಿದೆ.

ಆಮೇಲೆ ಅಕ್ಕ ಆ ಮಾತನ್ನು ಎಷ್ಟೋ ಸಲ ಹೇಳಿದಳು. ನಾನಿಲ್ಲದಾಗಲೂ ಹೇಳುತ್ತಿದ್ದಳಂತೆ. ಹೇಳಿದಾಗಲೆಲ್ಲ ಮಗಳು ಓದುತ್ತಿದ್ದ ಪುಸ್ತಕ ಬಿಟ್ಟು ಓಡಿ ಬಂದು ಬಂದೆ ಅಮ್ಮಾ, ಬಂದೆ ಎಂದು ತೆಲುಗಿನಲ್ಲೇ ಹೇಳುತ್ತ ಪಕ್ಕದಲ್ಲಿ ಕೂರುತ್ತಿದ್ದಳು. ಅವಳಿಗೆ ಕನ್ನಡ ಕಲಿಯುವ ಹಟ ಹಿಡಿಯಿತು. ಒಂದು ನೋಟುಬುಕ್ಕಿನಲ್ಲಿ ತೆಲುಗು ಅಕ್ಷರದಲ್ಲಿ ಕನ್ನಡದ ಪದಗಳನ್ನು ನಾನು ಹೇಳಿದಂತೆ ಬರೆದುಕೊಂಡಳು. ನೀರು, ನೋವು, ಸಾಕು, ಕೂಡು, ತಲಿ, ಥಂಡಿ. ನಾನು ಮಂಡ್ಯದ ರೀತಿ ಹೇಳಿದರೆ ಅವಳು ಅಮ್ಮನ ಬಾಯಲ್ಲಿ ಕೇಳಿ ತಿದ್ದಿಕೊಳ್ಳುತ್ತಿದ್ದಳು. ಪುಟಗಟ್ಟಲೆ ಬರೆಸಿದೆ. 'ಒಳಗೆ' ಎಂಬ ಪದವನ್ನು, 'ಬಂದೆ, ಬಂದಿ, ಬಂದಳು' ಎಂಬ ವ್ಯತ್ಯಾಸವನ್ನು ಒಂದು ದಿನವೂ ಬರೆಸಲಿಲ್ಲ.

ಒಮ್ಮೆ ಮಾತ್ರ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಅವಳ ಕಾಲಬಳಿ ಕೂತು ಹೇಳಿದೆ. "ಹೌದಕ್ಕ, ನಾನು ಒಳಗೆ ಬಂದೆ. ಜಾಗ ಇರಲಿಲ್ಲ, ಆದ್ರೂ ಬಂದೆ. ನಿನ್ನನ್ನ ಬೀಳಿಸಿದ್ದು ನಾನೇ. ಹೆಲ್ಮೆಟ್ ಒಡೆದದ್ದು ಗೊತ್ತಿತ್ತು ನನಗೆ." ಅವಳಿಗೆ ಎಷ್ಟು ತಿಳಿಯಿತೋ, ಬೈಯುತ್ತಾಳೋ, ತಲೆ ಸವರುತ್ತಾಳೋ ಎಂದು ಕಾದೆ.

"ಹಸಿವಾಗೈತಿ," ಎಂದಳು.

ಮೊಸರನ್ನ ಕಲಸಿ ತಿನ್ನಿಸಿದೆ. ಕ್ಷಮಿಸಿದಳೆಂದು ನಾನು ಅಂದುಕೊಳ್ಳಬಹುದಿತ್ತು. ಆದರೆ ಮರುದಿನ ಸಂಜೆ ಅವಳು ಮತ್ತೆ ಅದೇ ಮಾತು ಹೇಳಿದಳು, ಅದೇ ನೋಟದಿಂದ.

ಹದಿನಾರು ತಿಂಗಳು ಬದುಕಿದಳು. ಕೊನೆಗೆ ಫಿಟ್ಸ್ ಹೆಚ್ಚಾಗಿ, ಎದೆಗೆ ಕಫ ಕಟ್ಟಿ, ಒಂದು ಬೆಳಗ್ಗೆ ನಾನು ಲ್ಯಾಬಿನಲ್ಲಿದ್ದಾಗ ಹೋದಳು. ಧಾರವಾಡದಿಂದ ಅವಳ ಅಣ್ಣ ಬಂದರು, ಇಷ್ಟು ವರ್ಷಕ್ಕೆ ಮೊದಲ ಸಲ. ಅವರ ಮಾತನ್ನು ಬಾವಗಾರುಗೂ, ಬಾವಗಾರು ಅವರ ಮಾತನ್ನು ಅಣ್ಣನಿಗೂ ನಾನೇ ದಾಟಿಸಿದೆ. ಅವರಾಗಲಿ ಇವರಾಗಲಿ ರೇಸಿನ ಬಗ್ಗೆ ಏನೂ ಕೇಳಲಿಲ್ಲ. ತಿರುವಿನಲ್ಲಿ ಮರಳಿತ್ತು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿಯಾಗಿತ್ತು.

ಬಾವಗಾರು ಕ್ವಾರ್ಟರ್ಸ್ ಬಿಟ್ಟು ಅನಕಾಪಲ್ಲಿಗೆ ಹೋದರು. ಮಗಳು ಫಿಜಿಯೋಥೆರಪಿ ಓದಲು ಸೇರಿದಳು. ಹಬ್ಬಗಳಿಗೆ ಬರುತ್ತಿದ್ದಳು, ನನ್ನೊಂದಿಗೆ ಹಟಕ್ಕೆ ಕನ್ನಡವನ್ನೇ ಮಾತಾಡುತ್ತಿದ್ದಳು. ಅವಳ ಬಾಯಲ್ಲಿ ಧಾರವಾಡ ಇತ್ತು. ಅವಳು ಕಂಡಿರದ ಊರು.

ಕಳೆದ ಜುಲೈಯಲ್ಲಿ ಅವಳು ಬಂದದ್ದು ಒಂದು ಕೆಲಸಕ್ಕೆ. ಅಮ್ಮನ ಫೋಟೋಗೆ ಹೊಸ ಕಟ್ಟು ಹಾಕಿಸುತ್ತಿದ್ದಳು. ಕೆಳಗೆ ಅಮ್ಮ ದಿನವೂ ತನ್ನನ್ನು ಕರೆಯುತ್ತಿದ್ದ ಮಾತನ್ನು ಕನ್ನಡದ ಅಕ್ಷರಗಳಲ್ಲೇ ಬರೆಸಬೇಕು, ನೀನು ಬರೆದುಕೊಡು ಪಿನ್ನಿ ಎಂದು ಕಾಗದ, ಪೆನ್ನು ಮುಂದಿಟ್ಟಳು. ಬಾ ಅನ್ನಲು ಹೋಗಿ ಬಂದಿ ಅಂತ ತೊದಲುತ್ತಿದ್ದಳು ಪಾಪ, ಅಮ್ಮ ತೆಲುಗು ಮರೆತರೂ ನನ್ನನ್ನು ಮರೆತಿರಲಿಲ್ಲ, ಆ ಒಂದು ಮಾತಿನಿಂದಲೇ ನಾನು ಓದಿ ಪಾಸಾದೆ ಎಂದಳು. ನನ್ನ ಮುಂದೆ ಎರಡು ದಾರಿ ಇದ್ದವು. 'ಒಳಗ ಬಾ' ಎಂದು ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ಅವಳ ಮನೆಗೋಡೆಯ ಮೇಲೆ ನನ್ನ ಸುಳ್ಳು ಅಕ್ಕನ ಮಾತಾಗಿ ನಿಲ್ಲುತ್ತಿತ್ತು, ಅಕ್ಕ ಆಡಿದ್ದು ಎಲ್ಲೂ ಉಳಿಯುತ್ತಿರಲಿಲ್ಲ. ಬದುಕಿನಲ್ಲಿ ಕೊನೆಗೆ ಅವಳ ಬಾಯಿಗೆ ದಕ್ಕಿದ್ದೇ ಅಷ್ಟು ಮಾತು.

ಅಕ್ಕ ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಮೂರು ಪದ. ಆಮೇಲೆ ಅದರ ಅರ್ಥ ಹೇಳಿದೆ. ಯಾರಿಗೆ ಹೇಳಿದ್ದು, ಯಾಕೆ ಹೇಳಿದ್ದು, ತಿರುವು, ಹೆಲ್ಮೆಟ್, ರೈಲು, ಎಲ್ಲ. ತೆಲುಗಿನಲ್ಲಿ ಶುರು ಮಾಡಿ ಯಾವಾಗ ಕನ್ನಡಕ್ಕೆ ತಿರುಗಿದೆನೋ ಗೊತ್ತಾಗಲಿಲ್ಲ. ಬೈಯಲಿ, ಹೊಡೆಯಲಿ, ಊರಿಗೆಲ್ಲ ಹೇಳಲಿ ಎಂದು ನಾನು ತಯಾರಾಗಿದ್ದೆ. ಎಷ್ಟೋ ವರ್ಷಗಳಿಂದ ಅದಕ್ಕೇ ಕಾದಿದ್ದೆ ಅನ್ನಿಸುತ್ತದೆ.

ರೇಸಿನ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ. ಕಾಗದದ ಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟು, ಅಕ್ಕನ ದನಿಯಲ್ಲಿ, ಅಕ್ಕನ ಕನ್ನಡದಲ್ಲಿ ಅವಳು ಕೇಳಿದ್ದು ಇಷ್ಟೇ.

"ಅಂದ್ರ... ಅಮ್ಮ ನನ್ನ ಕರೀಲೇ ಇಲ್ಲ?"

ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದಳು. ಆಮೇಲೆ ದಸರಾ ಬಂತು, ಸಂಕ್ರಾಂತಿ ಬಂತು, ಅವಳು ಬರಲಿಲ್ಲ. ಫೋನು ಮಾಡಿದರೆ ರಿಂಗಾಗುತ್ತದೆ, ಎತ್ತುವುದಿಲ್ಲ. ಫೋಟೋದ ಕೆಳಗೆ ಏನು ಬರೆಸಿದಳೋ, ಏನನ್ನೂ ಬರೆಸದೆ ಬಿಟ್ಟಳೋ ನನಗೆ ತಿಳಿಯದು. ಎದುರು ಮನೆಗೆ ಒಡಿಶಾದ ಕಡೆಯ ಸಂಸಾರವೊಂದು ಬಂದಿದೆ, ಒಳ್ಳೆಯ ಜನ. ಮಂಡ್ಯದಲ್ಲಿ ನನ್ನ ಅಮ್ಮ ತೀರಿಕೊಂಡು ಫೋನಿನ ಮಾತೂ ನಿಂತ ಮೇಲೆ ಈ ಮೆಟ್ಟಿಲಲ್ಲಿ ಕನ್ನಡ ಕೇಳಿಸುವುದು ನಿಂತುಹೋಗಿದೆ.